ಹತ್ತು ನಿಮಿಷಕ್ಕೆ ಮೊದಲು

ಹರುಕಾ ಸಾನ್, ಅಂದು ನೀವು ತಡವಾಗಿ ಬರಲಿಲ್ಲ. ಬಾವುಟ ಬೀಸುವ ಕೆಲಸ ನನ್ನದಾಗಿತ್ತು, ಅದನ್ನು ನಾನು ಹೊತ್ತಿಗೆ ಮೊದಲೇ ಬೀಸಿದೆ. ಈ ಮಾತನ್ನು ಆಗಲೇ, ನಿಮ್ಮೆದುರೇ, ನಿಮ್ಮ ಭಾಷೆಯಲ್ಲಿ ಹೇಳಬೇಕಿತ್ತು — ಹೇಳಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ನಿಮಗೆ ಒಂದಕ್ಷರ ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪೊಪ್ಪಿಕೊಳ್ಳುವಾಗಲೂ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುವ ಮನುಷ್ಯ ನಾನು.

ಇದನ್ನು ಓದುವ ನಮ್ಮ ಜನಕ್ಕೆ ಸ್ವಲ್ಪ ವಿವರ ಬೇಕು. ಹಿರೋಷಿಮಾದ ಆಸುಪಾಸಿನ ಏಳು ಪುಟ್ಟ ಕಾಲೇಜುಗಳು ಸೇರಿ ಕಟ್ಟಿಕೊಂಡ ಕ್ರೀಡಾ ಒಕ್ಕೂಟ ನಮ್ಮದು. ದೊಡ್ಡ ವಿಶ್ವವಿದ್ಯಾಲಯಗಳ ಮೈದಾನದಲ್ಲಿ ನಮ್ಮನ್ನು ಕೇಳುವವರಿಲ್ಲ. ನಾವೇ ಓಡಿ, ನಾವೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದೆವು. ಮೈಸೂರಿನಿಂದ ಸಂಶೋಧನೆಗೆಂದು ಬಂದವನು ಅಂಥದೊಂದು ಕಾಲೇಜಿನಲ್ಲಿ ಮೇಷ್ಟರಾಗಿ, ಇಲ್ಲಿಯವರ ಬಾಯಲ್ಲಿ 'ಸೆನ್ಸೇ' ಆಗಿ, ಉಳಿದೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಹುಡುಗಿಯರ ದೂರದ ರಿಲೇ ಓಟ — ಅದೇ ಒಕ್ಕೂಟದ ಹಬ್ಬ. ಇಲ್ಲಿ ಕೈಯಲ್ಲಿ ಕೋಲು ಹಿಡಿಯುವುದಿಲ್ಲ. ಜನಿವಾರದ ಹಾಗೆ ಹೆಗಲಿಂದ ಸೊಂಟಕ್ಕೆ ಬಟ್ಟೆಯ ಪಟ್ಟಿ ಹಾಕಿಕೊಳ್ಳುತ್ತಾರೆ, ಹೆಸರು ತಸುಕಿ. ಒಬ್ಬರ ಬೆವರು ಹೀರಿದ ಅದನ್ನೇ ಮುಂದಿನವರು ಹಾಕಿಕೊಂಡು ಓಡಬೇಕು. ಮೊದಲ ತಂಡ ದಾಟಿದ ಹತ್ತು ನಿಮಿಷದೊಳಗೆ ಯಾವುದೇ ತಂಡದವರು ಬರದಿದ್ದರೆ, ಅವರಿಗಾಗಿ ಕಾದವರಿಗೆ ಒಕ್ಕೂಟದ ಬಿಳಿ ತಸುಕಿ ಹಾಕಿ, ಬಾವುಟ ಬೀಸಿ ಕಳಿಸಿಬಿಡುತ್ತಾರೆ. ಕಾಲೇಜಿನ ತಸುಕಿ ಅಲ್ಲಿಗೆ ತುಂಡಾದ ಹಾಗೆ. ಸತತವಾಗಿ ಮೂರು ವರ್ಷ ತುಂಡಾದರೆ ಸದಸ್ಯತ್ವ ಹೋಗುತ್ತದೆ.

ಉತ್ತರದಲ್ಲಿ ದೊಡ್ಡ ಭೂಕಂಪ, ಸುನಾಮಿ ಆದದ್ದರ ಮರುವರ್ಷ ಅದು. ಒಕ್ಕೂಟವನ್ನು ಮೊದಲು ಕಟ್ಟಿದವುಗಳಲ್ಲಿ ಒಂದಾದ ನಿಮ್ಮ ದ್ವೀಪದ ಕಾಲೇಜಿಗೆ ಆಗಲೇ ಎರಡು ವರ್ಷ ತಸುಕಿ ತುಂಡಾಗಿತ್ತು. ಐದು ಜನ ಓಡಬೇಕು, ಇದ್ದವರು ನಾಲ್ವರು. ತಂಡ ತುಂಬಿಸಿದ ಐದನೆಯವರು ನೀವು — ಉತ್ತರದ ಕಡಲ ತೀರದಲ್ಲಿ ಮನೆ ಕೊಚ್ಚಿಹೋಗಿ ಚಿಕ್ಕಮ್ಮನ ಮನೆಗೆ ಬಂದವರು. ಓಡಿ ಅಭ್ಯಾಸವಿರಲಿಲ್ಲವಂತೆ. ನಿಮ್ಮ ಕೋಚ್ ಒಕುದಾ ಸಾನ್ ಬೆಳಿಗ್ಗೆ ನನಗೆ ಹೇಳಿದ್ದರು, "ಈ ಹುಡುಗಿ ಬಂದಾಗಿನಿಂದ ಎಲ್ಲರ ಹತ್ತಿರ ಬರೀ ತಗೋತಾನೇ ಇದ್ದೀನಿ ಅಂತಾಳೆ, ಸೆನ್ಸೇ. ಒಂದನ್ನಾದರೂ ಕೊಡಬೇಕಂತೆ."

ನಾನಿದ್ದದ್ದು ತಸುಕಿ ಕೈಬದಲಾಗುವ ಕೊನೆಯ ತಾಣದಲ್ಲಿ, ಸಿಂಪಿ ಬಿಡಿಸುವ ಶೆಡ್ಡುಗಳ ಪಕ್ಕ, ಚಿಪ್ಪಿನ ರಾಶಿಯ ನಾತದಲ್ಲಿ. ಆರು ತಂಡ ದಾಟಿಯಾಗಿತ್ತು. ಗೆರೆಯ ಬಳಿ ಉಳಿದಿದ್ದವರು ನಾನು, ನಿಮಗಾಗಿ ಕಾಯುತ್ತಿದ್ದ ನಿಮ್ಮ ಗೆಳತಿ, ರಸ್ತೆ ತೆರೆಯಲು ಕಾದಿದ್ದ ಒಬ್ಬ ಪೊಲೀಸ್. "ಇನ್ನೂ ಆಗಲಿಲ್ವಾ, ಸೆನ್ಸೇ?" ಎಂದ ಆತ. ಅಷ್ಟೇ.

ಹಿಂದೊಮ್ಮೆ ಒಕ್ಕೂಟದ ಸಭೆಗೆ ಐದು ನಿಮಿಷ ತಡವಾಗಿ ಹೋಗಿದ್ದೆ. "ಇಂಡಿಯಾದ ಗಡಿಯಾರ" ಎಂದು ಯಾರೋ ನಕ್ಕಿದ್ದರು, ನಾನೂ ನಕ್ಕಿದ್ದೆ. ಆದರೆ ಅದು ಒಳಗೆ ಮುಳ್ಳಾಗಿ ಉಳಿದಿತ್ತು. ಅಂದಿನಿಂದ ಜಪಾನೀಯರಿಗಿಂತ ಹೆಚ್ಚು ಜಪಾನೀಯನಾಗುವ ಚಪಲ ನನಗೆ. ರೈಲಿಗೆ ಮುಂಚೆ ನಾನು ನಿಲ್ದಾಣದಲ್ಲಿ, ಸಭೆಗೆ ಮುಂಚೆ ಬಾಗಿಲಲ್ಲಿ. ಪೊಲೀಸನ ಮಾತು ಕಿವಿಗೆ ಬಿದ್ದದ್ದೇ ತಡ, ಬಾವುಟ ಬೀಸಿಬಿಟ್ಟೆ. ನಿಮ್ಮ ಗೆಳತಿ ಬಿಳಿ ತಸುಕಿಯಲ್ಲಿ ಅಳುತ್ತಾ ಓಡಿದಳು. ಆಮೇಲೆ ಸ್ಟಾಪ್‌ವಾಚ್ ನೋಡಿದೆ — ಒಂಬತ್ತು ನಿಮಿಷ ಹತ್ತು ಸೆಕೆಂಡು.

ನೋಡುತ್ತಾ ನಿಂತಿದ್ದಾಗಲೇ ನೀವು ತಿರುವಿನಲ್ಲಿ ಕಾಣಿಸಿಕೊಂಡಿರಿ. ತಸುಕಿ ತೆಗೆದು, ಮುಷ್ಟಿಗೆ ಸುತ್ತಿ, ಕೈ ಮುಂದೆ ಚಾಚಿ ಬಂದಿರಿ. ಶೆಡ್ಡಿನ ಹೆಂಗಸರು ಕೂಗಿ ಹುರಿದುಂಬಿಸುತ್ತಿದ್ದರು. ಗೆರೆ ಮುಟ್ಟಿದಾಗ ಒಂಬತ್ತು ಐವತ್ತು. ಇನ್ನೂ ಹತ್ತು ಸೆಕೆಂಡು ಬಾಕಿಯಿತ್ತು, ಹರುಕಾ ಸಾನ್ — ಆ ಹತ್ತು ಸೆಕೆಂಡು ನಿಮ್ಮದಾಗಿತ್ತು. ತೆಗೆದುಕೊಳ್ಳುವವರು ಮಾತ್ರ ಇರಲಿಲ್ಲ. ನೀವು ಖಾಲಿ ರಸ್ತೆಗೆ ತಲೆಬಾಗಿದಿರಿ. ಮತ್ತೆ ನನ್ನ ಕಡೆ ತಿರುಗಿ, ಸೊಂಟದವರೆಗೆ ಬಾಗಿ, "ಸುಮಿಮಾಸೆನ್. ನನ್ನಿಂದ ತಡವಾಯ್ತು" ಎಂದಿರಿ.

ನಾನು ಏನೆಂದೆ? "ದೈಜೋಬು" ಎಂದೆ. ಪರವಾಗಿಲ್ಲ ಎಂದೆ. ನಾನು ಮಾಡಿದ ತಪ್ಪಿಗೆ ನಿಮ್ಮನ್ನು ಕ್ಷಮಿಸಿದೆ!

ದಾಖಲೆಯ ಹಾಳೆಯಲ್ಲಿ, ನಿಮ್ಮ ಗೆಳತಿಯನ್ನು ಹತ್ತು ನಿಮಿಷಕ್ಕೆ ಸರಿಯಾಗಿ ಬಿಟ್ಟೆನೆಂದು ಬರೆದೆ. ಸ್ಟಾಪ್‌ವಾಚಿನ ಗುಂಡಿ ಒತ್ತಿ ಸೊನ್ನೆಗೆ ತಂದೆ. ಬಾವುಟ ಬೀಸಿದ್ದು ಗಡಿಬಿಡಿ ಎನ್ನಬಹುದು, ಇದು ಗಡಿಬಿಡಿಯಲ್ಲ. ಸಂಜೆ ಒಕುದಾ ಸಾನ್ "ಸೆನ್ಸೇ, ನಿಮ್ಮ ಗಡಿಯಾರ ಚೆನ್ನಾಗಿದೆ" ಎಂದಾಗ — ಹೊಸದನ್ನು ಕೊಂಡಿದ್ದೆ, ಅವರು ಹೊಗಳಿದ್ದಷ್ಟೇ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಕೈಯನ್ನು ಕೋಟಿನೊಳಗೆ ಎಳೆದುಕೊಂಡೆ.

ಆ ವಸಂತದಲ್ಲಿ ನಿಮ್ಮ ಕಾಲೇಜು ಒಕ್ಕೂಟದಿಂದ ಹೊರಬಿತ್ತು. ನೀವು ಕಾಲೇಜನ್ನೇ ಬಿಟ್ಟಿರಂತೆ. ಕೊಡಲು ಬಂದು ಕೊನೆಯದನ್ನೂ ಕಳೆದೆ ಎಂದಿರಂತೆ. ಇದನ್ನೂ ಒಕುದಾ ಸಾನ್ ಅವರೇ ಹೇಳಿದ್ದು, ಯಾವ ದೂರೂ ಇಲ್ಲದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಕೆಲವು ವರ್ಷಗಳ ನಂತರ ಒಕ್ಕೂಟದ ಇತಿಹಾಸದ ಪುಸ್ತಕ ತರುವಾಗ, ಯಾವ ಕಾಲೇಜು ಯಾವಾಗ ಸೇರಿತು, ಯಾವಾಗ ಬಿಟ್ಟಿತು ಎಂಬ ಅಧ್ಯಾಯವನ್ನು ನನಗೇ ಒಪ್ಪಿಸಿದರು — ಹೊರಗಿನವನು, ಪಕ್ಷಪಾತವಿಲ್ಲ ಎಂದು. ನಿಮ್ಮ ಕಾಲೇಜಿನ ಹೆಸರಿನ ಮುಂದೆ ಬರೆದೆ: ತಸುಕಿ ದಾಟಿಸಲಾಗದೆ ಸದಸ್ಯತ್ವ ಕಳೆದುಕೊಂಡಿತು. ಅಚ್ಚಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅಡಿಕೆ ಕದ್ದವನು ನಾನು, ಮಾನ ಹೋದದ್ದು ನಿಮ್ಮದು.

ಈಗ ಒಕುದಾ ಸಾನ್ ಇಲ್ಲ. ಮಕ್ಕಳು ಸೇರದೆ ನಿಮ್ಮ ಕಾಲೇಜೂ ಮುಚ್ಚಿತು. ಮೊನ್ನೆ ನನ್ನ ಮಗಳು ತನ್ನ ಶಾಲೆಯ ತಸುಕಿಯನ್ನು ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದಳು. ಅದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿ, ನಿಮಗೊಂದು ಕಾಗದವನ್ನು ಒಳ್ಳೆಯ ಜಪಾನೀಸಿನಲ್ಲಿ ಬರೆದುಕೊಡು ಎಂದೆ. ಅವಳು ಕನ್ನಡ ಮಾತಾಡುವುದು ಅಪರೂಪ, ಆಗ ಕನ್ನಡದಲ್ಲೇ ಕೇಳಿದಳು.

"ವೇಟ್, ಅಪ್ಪಾ. ಅವರು ಸಾರಿ ಕೇಳಿದ್ರು... ನೀವು ದೈಜೋಬು ಅಂದ್ರಾ?"

"ಹೌದು."

ಅವಳು ಪೆನ್ನನ್ನು ನನ್ನ ಕಡೆ ತಳ್ಳಿ ಎದ್ದು ಹೋದಳು.

ನಾನೇ ಜಪಾನೀಸಿನಲ್ಲಿ ಬರೆದೆ, ಇಲ್ಲಿನ ಮಕ್ಕಳು ಮೊದಲು ಕಲಿಯುವ ಅಕ್ಷರದಲ್ಲಿ, ತಪ್ಪುತಪ್ಪಾಗಿ. ಭಾನುವಾರ ದೋಣಿ ಹತ್ತಿ ದ್ವೀಪಕ್ಕೂ ಹೋಗಿ ಬಂದೆ. ನಿಮ್ಮ ಚಿಕ್ಕಮ್ಮ ಮನೆ ಬಿಟ್ಟು ವರ್ಷಗಳಾದವಂತೆ; ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಕಾಗದ ಮೇಜಿನ ಮೇಲಿದೆ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದಿದ್ದೇನೆ, ಹರುಕಾ ಸಾನ್. ಅದರ ಕೆಳಗೆ ಯಾವ ಊರೆಂದು ಬರೆಯಲಿ?