ಯಾವ ಬೇಜಾರು

ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ತಿಳಿಯುತ್ತದೆ. ಜಾವಗಲ್ ಸುತ್ತಮುತ್ತ ಕೊಬ್ಬರಿ ಕೊಳ್ಳುವ ನನಗೆ ಮೂವತ್ತು ವರ್ಷದಿಂದ ಅದೇ ಕೆಲಸ. ಒಂದು ದಿನ ಕಾಯಿಯ ಸದ್ದು ಕೇಳಿಸಿತು, ಒಣಗಿದೆಯೋ ಇಲ್ಲವೋ ಹೇಳಲು ಮಾತ್ರ ತೋಚಲಿಲ್ಲ. ಕಾಯಿ ಹಿಡಿದು ನಿಂತೇ ಇದ್ದೆ. ಆಮೇಲೆ ನಿದ್ದೆ ಹೋಯಿತು. ಊಟ ಸೇರದಾಯಿತು. ಸ್ನಾನ ಮಾಡುವುದೇ ಒಂದು ದೊಡ್ಡ ಕೆಲಸವಾಯಿತು.

ಹೆಂಡತಿ ಗಿರಿಜಾ ಅರಸೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಡಿಪ್ರೆಶನ್ ಎಂದರು, ಮಾತ್ರೆ ಬರೆದು ಪಕ್ಕದ ರೂಮಿಗೆ ಕಳಿಸಿದರು. ಅಲ್ಲಿ ನಿತ್ಯಾ ಎಂಬ ಹುಡುಗಿ ಇದ್ದಳು, ಬೆಂಗಳೂರಿನಿಂದ ಬಂದ ಟ್ರೈನಿ ಸೋಷಿಯಲ್ ವರ್ಕರ್.

“ಹೇಗನ್ನಿಸ್ತಿದೆ ಅಂಕಲ್?”

“ಬೇಜಾರು ಕಣಮ್ಮ.”

ಬರೆದುಕೊಂಡಳು. ಸಂಜೆ ವಾಕಿಂಗ್ ಹೋಗಿ, ನಾಲ್ಕು ಜನರ ಜೊತೆ ಮಾತಾಡಿ ಎಂದಳು. ಪಾಪ, ಕೆಟ್ಟದ್ದೇನೂ ಹೇಳಲಿಲ್ಲ. ಆಗಲಿ ಎಂದು ಎದ್ದು ಬಂದೆ.

ಆ ವಾರವೆಲ್ಲ ನನ್ನ ತಲೆಯಲ್ಲಿದ್ದದ್ದು ಒಂದೇ: ನಾನು ಇರುವುದು ಬೇಡ.

ಯಾರಿಗೂ ಹೇಳಲಿಲ್ಲ. ಆಗ ಭಯವೂ ಆಗಲಿಲ್ಲ. ಈಗ ನೆನೆದರೆ ಆಗುತ್ತದೆ.

ಮುಂದಿನ ವಾರ ನಿತ್ಯಾಳಿಗೆ ಕೆಲಸ ಕಲಿಸುವ ಹಿರಿಯ ಸೋಷಿಯಲ್ ವರ್ಕರ್ ಶಾರದಾ ಮೇಡಂ ಕೂಡ ಇದ್ದರು. ಫೈಲ್ ನೋಡಿದರು.

“ಬೋರ್ ಆಗುತ್ತೆ ಅಂತ ಬರ್ದಿದ್ದೀಯ. ಇವ್ರು ಏನಂದ್ರು?”

“ಬೇಜಾರು ಅಂದ್ರು ಮೇಡಂ.”

“ಯಾವ ಬೇಜಾರು?”

ದನಿ ಏರಿಸಿರಲಿಲ್ಲ. ಆದರೂ ಹುಡುಗಿಯ ಮುಖ ಸಣ್ಣಗಾಯಿತು. ಇನ್ನು ಮೇಡಂ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡೆ. ‘ಏನಿಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇತ್ತು. ಅವರು ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು.

“ನೀನೇ ಕೇಳು. ನಾನಿಲ್ಲೇ ಇರ್ತೀನಿ.”

ನಿತ್ಯಾ ಪೆನ್ನು ಕೆಳಗಿಟ್ಟಳು. “ಅಂಕಲ್, ಹೋದ್ಸಲ ನಾನು ಸರಿಯಾಗಿ ಕೇಳ್ಲಿಲ್ಲ, ತಪ್ಪಾಯ್ತು. ಬದುಕೋದೇ ಬೇಡ ಅನ್ನೋಷ್ಟು ಬೇಜಾರಾ?”

“ಹೂಂ.”

ಪಕ್ಕದಲ್ಲೇ ಕೂತಿದ್ದ ಗಿರಿಜಾ ನನ್ನ ತೋಳು ಹಿಡಿದುಕೊಂಡಳು. “ನಂಗ್ಯಾಕ್ರೀ ಹೇಳ್ಲಿಲ್ಲ?” ಎಂದಳು.

ಮೇಡಂ ಆಗಲೇ ಎದ್ದು ಡಾಕ್ಟರನ್ನು ಕರೆತಂದರು. ಮಾತ್ರೆ ಬದಲಾಯಿತು. ಕೆಲವು ವಾರ ಇವರೊಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಗಿರಿಜಾಗೆ ಹೇಳಿದರು. ನಿತ್ಯಾ ದಿನವೂ ಫೋನ್ ಮಾಡಿದಳು, ಮಾಡಿದ್ದನ್ನೆಲ್ಲ ವಾರಕ್ಕೊಮ್ಮೆ ಮೇಡಂ ಜೊತೆ ಕೂತು ಒಪ್ಪಿಸುತ್ತಿದ್ದಳಂತೆ. ಮೇಡಂ ತಾವೇ ಕೇಳಿಬಿಟ್ಟಿದ್ದರೆ ನಾನು ಸುಳ್ಳು ಹೇಳಿ ಮನೆಗೆ ಬರುತ್ತಿದ್ದೆ. ನನ್ನೆದುರೇ ತಪ್ಪು ಒಪ್ಪಿಕೊಂಡ ಹುಡುಗಿಗೆ ಸುಳ್ಳು ಹೇಳಲು ಆಗಲಿಲ್ಲ, ಅಷ್ಟೇ. ಆ ಇಬ್ಬರ ಋಣ ನನ್ನ ಮೇಲಿದೆ.

ಮಾತ್ರೆ ಇನ್ನೂ ನಡೆಯುತ್ತಿದೆ. ಮೊನ್ನೆ ಹೋದಾಗ ನಿತ್ಯಾ ಒಬ್ಬಳೇ ಇದ್ದಳು. ಹೇಗಿದ್ದೀರಿ ಎಂದಳು.

“ಇದ್ದೀನಿ ಕಣಮ್ಮ.”

ಬರೆಯಲು ಹೋದವಳು ನಿಲ್ಲಿಸಿದಳು. “ಇದ್ದೀನಿ ಅಂದ್ರೆ?”

ನನಗೆ ನಗು ಬಂತು. ಸ್ವಲ್ಪ ಯೋಚಿಸಿ ಹೇಳಿದೆ, “ಒಂದೊಂದು ದಿನ, ಇರ್ಬೇಕು ಅನ್ನಿಸ್ತೈತೆ.”