ಅಜ್ಜನ ಬೈಠಕ್, ನಮ್ಮ ಸ್ಕ್ವಾಟ್

"ಎತ್ತೂದು ಆಮ್ಯಾಲ, ಮೊದಲ ಹಿಮ್ಮಡ ನೋಡ್ರಿ" ಅಂತ ನನಗೆ ಮೊದಲು ಹೇಳಿದವರು ತೇರದಾಳದ ಕಸ್ತೂರಿ ಮೇಡಂ. ಜಮಖಂಡಿಯಲ್ಲಿ ನಮಗೆ ವೇಟ್‌ಲಿಫ್ಟಿಂಗ್ ಕೋಚ್ ತರಬೇತಿ ಕೊಟ್ಟವರೂ ಅವರೇ, ಪರೀಕ್ಷಕರೂ ಅವರೇ. ಮುಧೋಳದಿಂದ ಎತ್ತುವುದನ್ನು ಕಲಿಯಲು ಬಂದಿದ್ದ ಹುಡುಗಿ ರೇಣುಕಾಗೆ ತಕ್ಕ ಕಾಲಿನ ವ್ಯಾಯಾಮ ಆರಿಸಿಕೊಟ್ಟರೆ ನನಗೆ ಸರ್ಟಿಫಿಕೇಟ್.

ಪುಸ್ತಕದಲ್ಲಿದ್ದಂತೆ ಬೆನ್ನ ಮೇಲೆ ಬಾರ್ ಇಟ್ಟು ಸ್ಕ್ವಾಟ್ ಮಾಡಿಸಿದೆ. ಕೂತ ಕೂಡಲೇ ಅವಳ ಹಿಮ್ಮಡಿಗಳು ನೆಲ ಬಿಟ್ಟು ಎದ್ದವು, ಬಾರ್ ಮುಂದಕ್ಕೆ ವಾಲಿತು.

"ಹಿಂಗ ಕೂಡೂದು ಯಾರು ಕಲಿಸ್ಯಾರವಾ?" ಎಂದು ಕೇಳಿದೆ.

"ಅಜ್ಜಾರಿ. ಗರಡ್ಯಾಗ ಬೈಠಕ್ ಹಿಂಗ ಹೊಡೀತಾರ."

ಗೋಡೆಗೆ ಒರಗಿ ಕೂತಿದ್ದ ಅವಳ ಪೈಲ್ವಾನ್ ಅಜ್ಜ ಗುಡುಗಿದರು: "ತುದಿಗಾಲ ಮ್ಯಾಲೆ ಎದ್ರನ ತೊಡಿ ಗಟ್ಟಿ ಆಕ್ಕಾವ. ಬೈಠಕ್ ಬಿಡಿಸಿದ್ರ ಹುಡುಗೀನ ಮನಿಗೆ ಕರ್ಕೊಂಡ ಹೊಕ್ಕೇನಿ!"

ಮೇಡಂ ನನ್ನ ಪರೀಕ್ಷೆಯ ಹಾಳೆ ತೆಗೆದು ನನ್ನನ್ನೇ ನೋಡಿದರು. ಹುಡುಗಿಯೂ ಹೋದಾಳು, ಸರ್ಟಿಫಿಕೇಟೂ ಹೋದೀತು.

"ಅಜ್ಜಾರ, ಮುಂಜಾನಿ ಬೈಠಕ್ ನಿಮ್ದು, ಸಂಜೀಕ ಸ್ಕ್ವಾಟ್ ನಮ್ದು" ಎಂದೆ. ಬಾರಿನ ಭಾರ ಕಡಿಮೆ ಮಾಡಿ, ಬಾರನ್ನು ಭುಜದ ಮುಂದೆ ಇಡಿಸಿ, ಪೂರ್ತಿ ಕೂತ ಮೇಲೆ ಒಂದು ಉಸಿರಿನಷ್ಟು ಹೊತ್ತು ಹಾಗೇ ಇರಲು ಹೇಳಿದೆ. ಹಿಮ್ಮಡಿ ಎದ್ದರೆ ಬಾರೇ ಜಾರುತ್ತದೆ, ಬೇರೆ ಯಾರೂ ಬೈಯಬೇಕಿಲ್ಲ. ಮೊದಲು ತೂಗಾಡಿದಳು, ಆಮೇಲೆ ಅಲುಗದೆ ಕೂತಳು. ಅಜ್ಜ ಬಂದು ಟವೆಲ್ಲಿನ ತುದಿಯನ್ನು ಅವಳ ಹಿಮ್ಮಡಿಯ ಕೆಳಗೆ ತೂರಿಸಲು ನೋಡಿದರು. ತೂರಲಿಲ್ಲ.

"ಛಲೋ ಕುಂತಾಳ" ಅಂದರು.

ಮೇಡಂ ನಕ್ಕು, ತಮ್ಮ ಹಿಮ್ಮಡದ ಮಾತನ್ನು ಅಜ್ಜನಿಗೂ ಹೇಳಿ, ನನ್ನ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಹೊರಡುವಾಗ ಅಜ್ಜ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಅಕ್ಕೋರ, ಹಿಮ್ಮಡದ ಮಾತು ನಂದ ಅಂತ ಗರಡ್ಯಾಗ ಹೇಳತೇನಿ. ಸುಳ್ಳ ಅನಬ್ಯಾಡ್ರಿ."

ನೀವೂ ಈ ಹಿಮ್ಮಡದ ಮಾತನ್ನು ನಾಲ್ಕು ಜನರಿಗೆ ಹೇಳಿ, ಕಸ್ತೂರಿ ಮೇಡಂ ಹೆಸರು ಹೇಳಿಯೇ ಹೇಳಿ. ಮುಧೋಳದ ಗರಡಿಯಲ್ಲಿ ಮಾತ್ರ ಅಜ್ಜನದೇ ಅನ್ನಿ.