ಎಡಗಡೆ ಸೀಟಿನ ಅಂಕಪಟ್ಟಿ

ಮೇ ಹನ್ನೊಂದು, ಭಾನುವಾರ. ಬೆಳಿಗ್ಗೆ ಆರು ನಲವತ್ತು. ರಾಮನಗರದ ನಮ್ಮ ಮನೆ ಮುಂದೆ ಹೊಚ್ಚ ಹೊಸ ಕಾರೊಂದು ನಿಂತಿತ್ತು. ನಮ್ಮದಲ್ಲ, ಟೆಸ್ಟ್ ಡ್ರೈವ್‌ಗೆ ಬಂದದ್ದು.

"ಒಳಗೆ ಕೂತರೆ ರಸ್ತೆ ಇದೆ ಅಂತಾನೇ ಗೊತ್ತಾಗಲ್ಲ ಸಾರ್," ಎಂದರು ಶೋರೂಮಿನವರು, ನಮ್ಮಪ್ಪನಿಗೆ.

"ಅಂಗಾದ್ರೆ ನಂಗೆ ಬ್ಯಾಡ ಕಣಪ್ಪ," ಎಂದರು ಅಪ್ಪ. ಇನ್ನೂ ಬಾಗಿಲು ಕೂಡ ತೆಗೆದಿರಲಿಲ್ಲ.

ಶೋರೂಮಿನವರು ನನ್ನ ಮುಖ ನೋಡಿದರು. ಅವರಿಗೆ ಹೇಳಿದ್ದನ್ನೇ ಈ ಅಂಕಣ ಓದುವ ನಿಮಗೂ ಹೇಳಿಬಿಡುತ್ತೇನೆ.

ಅಪ್ಪ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವರು. ನಮ್ಮ ಹಳೇ ಕಾರು ಆ ಗ್ಯಾರೇಜಿಗೆ ಯಾರೋ ತಳ್ಳಿಕೊಂಡು ಬಂದು ಮಾರಿಹೋದದ್ದು. ಕೆಂಪು ಬಣ್ಣ, ಎರಡೇ ಸೀಟು, ಮಡಚುವ ಬಟ್ಟೆ ಟಾಪು, ತಗಡಿನ ತಳ, ಫೈಬರ್ ಮೈ. ಸ್ಪೋರ್ಟ್ಸ್ ಕಾರು! ಒಮ್ಮೆ ಮದುವೆ ಛತ್ರದ ಮುಂದೆ ದಾರಿಗೆ ಅಡ್ಡ ಎಂದು ಎಂಟು ಜನ ಸೇರಿ ಎತ್ತಿ ಪಕ್ಕಕ್ಕಿಟ್ಟಿದ್ದರು. ಅಷ್ಟು ಹಗುರ. (ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಸಿಗ್ನಲ್‌ನಲ್ಲಿ ಪಕ್ಕದ ಲಾರಿಯ ಚಕ್ರದ ನಟ್ಟು ಎಣಿಸಬಹುದು. ಎಣಿಸಿದ್ದೇನೆ. ಹತ್ತು.)

ಮೂರು ವರ್ಷದ ಹಿಂದೆ ಗ್ಲಾಕೋಮಾದಿಂದ ಅಪ್ಪನ ಎರಡೂ ಕಣ್ಣು ಹೋದವು. ಸ್ಟಿಯರಿಂಗ್ ನನ್ನ ಕೈಗೆ ಬಂತು. ಪ್ರತಿ ಭಾನುವಾರ ಮಾಗಡಿ ದಾಟಿ ಕಲ್ಯದಲ್ಲಿರುವ ಸೋದರತ್ತೆಯ ಮನೆಗೆ ಹೋಗುವುದು ನಮ್ಮ ವಾಡಿಕೆ. ಕಣ್ಣು ಹೋದ ಮೇಲಿನ ಮೊದಲ ಭಾನುವಾರ ಅಪ್ಪ ಎಡಗಡೆ ಸೀಟಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ, "ಕೆರೆ ಏರಿ ಬಂತು," ಎಂದರು.

ಬಂದಿತ್ತು!

ಆಮೇಲೆ ಮೋರಿ. ಆಮೇಲೆ ಹುಣಸೆಮರದ ತಿರುವು. ಆಮೇಲೆ ಕ್ವಾರಿ ಲಾರಿಗಳು ಕಿತ್ತುಹಾಕಿದ ಅರ್ಧ ಕಿಲೋಮೀಟರು. ಚಪ್ಪಲಿ ಬಿಟ್ಟು, ಅಂಗಾಲನ್ನು ಕಾರಿನ ತಳಕ್ಕೆ ಒತ್ತಿಕೊಂಡು ಒಂದೊಂದೇ ಹೇಳುತ್ತಾ ಹೋದರು. ಹೇಗಪ್ಪಾ ಎಂದರೆ, "ರೋಡು ಕಾಲ್ಗೆ ಸಿಗ್ತೈತೆ ಕಣವ್ವ," ಎಂದರು.

ಅಂದಿನಿಂದ ಲೆಕ್ಕ ಇಟ್ಟಿದ್ದೇನೆ (ನನ್ನ ಡೈರಿಯ ರೋಗ ನಿಮಗೆ ಗೊತ್ತೇ ಇದೆ). ಮನೆಯಿಂದ ಅತ್ತೆಯ ಬಾಗಿಲವರೆಗೆ ಒಟ್ಟು ಇಪ್ಪತ್ನಾಲ್ಕು ಗುರುತು. ಈಚೆಗೆ ಅಪ್ಪ ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

ಹಾಗಾದರೆ ಕಾರು ಬದಲಾಯಿಸುವುದೇಕೆ?

ಅಪ್ಪನ ಹತ್ತಿರ ಕೆಲಸ ಕಲಿತು ಈಗ ಸ್ವಂತ ಗ್ಯಾರೇಜ್ ಇಟ್ಟಿರುವ ಇಲಿಯಾಸ್, ಏಪ್ರಿಲ್‌ನಲ್ಲಿ ಕಾರಿನ ಕೆಳಗೆ ಹೋಗಿ ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ಚುಚ್ಚಿದ. ಅದು ತಳ ತೂರಿ ಕಾರಿನೊಳಗೆ ಕಾಣಿಸಿಕೊಂಡಿತು. "ತುಕ್ಕು ತಿಂದ್ಬುಟ್ಟೈತೆ ಅಕ್ಕಾ. ವೆಲ್ಡಿಂಗ್ ಹಿಡಿಯಕ್ಕೂ ಗಟ್ಟಿ ತಗಡಿಲ್ಲ. ಉಸ್ತಾದ್ ಕಾಲಿಟ್ಕೊಂಡು ಕೂತ್ಕೋತಾರಲ್ಲ, ಅದೇ ಜಾಗ."

ಅಪ್ಪ ಬಗ್ಗಿ, ಹೆಬ್ಬೆರಳಿನಿಂದ ತಾವೇ ಒತ್ತಿ ನೋಡಿದರು. ತಗಡು ಹಪ್ಪಳದಂತೆ ಮುರಿಯಿತು. "ಹೂಂ. ಮಳೆಗಾಲದೊಳ್ಗೆ ಬ್ಯಾರೆ ನೋಡವ್ವ," ಎಂದರು. ಮೆಕ್ಯಾನಿಕ್ ಆಗಿ ಕೊಟ್ಟ ತೀರ್ಪು. ಅಪೀಲು ಇಲ್ಲ.

ಹೀಗಾಗಿ ನಾನೊಂದು ಪಟ್ಟಿ ಮಾಡಿದೆ. ತೂಕ, ಮೈಲೇಜು, ಏರ್‌ಬ್ಯಾಗು, ಡಿಕ್ಕಿಯ ಅಳತೆ, ಒಟ್ಟು ಹನ್ನೊಂದು ಕಾಲಂ. ಮೇ ಹನ್ನೊಂದರ ಸಂಜೆ ಎಲ್ಲವನ್ನೂ ಹೊಡೆದುಹಾಕಿ ಒಂದೇ ಕಾಲಂ ಉಳಿಸಿದೆ: ಅಪ್ಪನ ಅಂಕ.

ಏಕೆಂದರೆ, ಬೇಡವೆಂದರೂ ಹತ್ತಿಸಿಕೊಂಡು ಹೋದ ಆ ಮೊದಲ ಹೊಸ ಕಾರಿನಲ್ಲಿ ಅಪ್ಪನಿಗೆ ಬಂದದ್ದು ಒಂದು. ಇಪ್ಪತ್ನಾಲ್ಕಕ್ಕೆ ಒಂದು! ಅದೂ ನಮ್ಮೂರಿನ ರೇಷ್ಮೆ ಬಿಚ್ಚುವ ಬೀದಿ. ಗೂಡು ಬೇಯಿಸುವ ಆ ವಾಸನೆಯನ್ನು ತಡೆಯುವ ಕಾರನ್ನು ಇನ್ನೂ ಯಾರೂ ಮಾಡಿಲ್ಲ. ಉಳಿದಂತೆ ಅಪ್ಪ ಅಂಗಾಲು ಒತ್ತಿದರು, ಸರಿಸಿದರು, ಮತ್ತೆ ಒತ್ತಿದರು. ಮಾಗಡಿ ಪೇಟೆಯೊಳಗೆ ಹೋಗುತ್ತಿದ್ದಾಗ ಕೇಳಿದರು: "ಏರಿ ಬಂತಾ ಮಗಾ?"

ಏರಿ ದಾಟಿ ಇಪ್ಪತ್ತು ನಿಮಿಷವಾಗಿತ್ತು. ಹೇಳಿದೆ. ಅಪ್ಪ ಚಪ್ಪಲಿ ಹುಡುಕಿ ಹಾಕಿಕೊಂಡರು.

"ಏನ್ಲಾ, ಹೊಸಾ ಕಾರಲ್ಲಿ ಬಂದೂ ಮೊಖ ಊದಿಸ್ಕೊಂಡಿದ್ದೀಯಲ್ಲ?" ಎಂದು ಅತ್ತೆ ತಮ್ಮನನ್ನು ಛೇಡಿಸಿದರು.

"ನಾ ಬರ್ಲಿಲ್ಲ ಕಣಕ್ಕ. ನನ್ನ ತಂದಾಕಿದ್ರು."

ಕಾರು ಕೆಟ್ಟದ್ದಲ್ಲ. ಗಟ್ಟಿ, ಭದ್ರ, ತಂಪು. ಈಗ ನಾವೆಲ್ಲ ಸುಖ ಎನ್ನುವುದಾದರೂ ಏನನ್ನು? ಹೊರಗಿನದು ಒಳಗೆ ಬರದಿರುವುದನ್ನು. ಕಿಟಕಿಯಲ್ಲಿ ನೋಡಬಲ್ಲವರಿಗೆ ಅದು ಸರಿ.

ಮೇ ಹದಿನೆಂಟು, ಎಲೆಕ್ಟ್ರಿಕ್ ಕಾರು. ಮನೆಯ ತಿರುವು ದಾಟಿದ ಮೇಲೆ ಅಪ್ಪ, "ಇನ್ನೂ ಸ್ಟಾರ್ಟ್ ಮಾಡಿಲ್ವಾ?" ಎಂದರು. ಕಿಟಕಿ ಇಳಿಸಿದರಾಯಿತಲ್ಲ ಅಂತೀರಾ? ಇಳಿಸಿದೆ. ರೇಷ್ಮೆ ಬೀದಿಯ ಜೊತೆಗೆ ಬೇಕರಿ, ಕೋಳಿ ಫಾರಂ, ಮಸೀದಿಯ ಮೈಕು ಸಿಕ್ಕವು. ನಾಲ್ಕು. ನನಗೇ ತಡೆಯಲಾಗದೆ ಏರಿ ಬರುವ ಮುಂಚೆ ಕೆಮ್ಮಿದೆ. ಮೋರಿಗೂ ಕೆಮ್ಮಿದೆ. ಮೂರನೇ ಕೆಮ್ಮಿಗೆ ಅಪ್ಪ, "ಶುಂಠಿ ಕಷಾಯ ಕುಡಿ. ಈ ವಯಸ್ಸಲ್ಲಿ ನನ್ನ ಕೈಲಿ ಕಾಪಿ ಹೊಡಿಸ್ತೀಯೇನವ್ವ?" ಎಂದರು.

ಕಾಪಿ ಸೇರಿ ಏಳು. ಡೈರಿಯಲ್ಲಿ ಬರೆದದ್ದು ನಾಲ್ಕು.

ಮೇ ಇಪ್ಪತ್ತೈದು. ಇಲಿಯಾಸ್ ತನ್ನ ಭಾವನ ಕಾರು ತಂದ. ಈಗ ಸಿಗುವುದರಲ್ಲೇ ಅತಿ ಚಿಕ್ಕದು, ಹಗುರ, ಕಡಿಮೆ ಬೆಲೆಯ ಮಾಡೆಲ್ಲು. ತಳದ ಮ್ಯಾಟು ಕಿತ್ತು ಡಿಕ್ಕಿಗೆ ಹಾಕಿದ್ದ. "ಟೈರ್‌ಗೆ ಗಾಳಿ ಒಸಿ ಬಿಗಿಯಾಗೇ ಹೊಡ್ದಿವ್ನಿ ಉಸ್ತಾದ್. ಸೊಂಟ ಹುಷಾರು."

ಅವನೂ ಹಿಂದಿನ ಸೀಟಿನಲ್ಲಿ ಕೂತು ಬಂದ. ಮೋರಿ ಸಿಕ್ಕಿತು. ತಿರುವು ಸಿಕ್ಕಿತು. ಕ್ವಾರಿ ಲಾರಿಗಳ ಅರ್ಧ ಕಿಲೋಮೀಟರಿನಲ್ಲಿ ಅಪ್ಪ ಬಾಗಿಲಿಗೆ ಬಡಿದು ನಕ್ಕರು: "ಐತೆ ಕಣ್ಲಾ ಇಲಿಯಾಸಾ, ಇದ್ರಲ್ಲಿ ರೋಡು ಐತೆ!"

ಹದಿನಾಲ್ಕು.

"ಇನ್ನು ಹತ್ತು ಹೋಯ್ತಲ್ಲಪ್ಪ," ಎಂದೆ.

"ಹಳೇದ್ರಲ್ಲಿ ಮೊದಲ್ನೇ ದಿನ ಎಷ್ಟು ಬಂದಿತ್ತು? ನಿನ್ನ ಬುಕ್ ತೆಗ್ದು ನೋಡು."

ಮನೆಗೆ ಬಂದು ಮೂರು ವರ್ಷದ ಹಿಂದಿನ ಡೈರಿ ತೆಗೆದೆ. ಒಂಬತ್ತು.

ಅಪ್ಪ ಆ ಚಿಕ್ಕ ಕಾರಿಗೆ ಒಪ್ಪಿದ್ದಾರೆ. ಕಲಿಯುತ್ತಾರಂತೆ. ನಾನಿನ್ನೂ ಒಪ್ಪಿಲ್ಲ. ಕೈತಪ್ಪಿದ ಹತ್ತರಲ್ಲಿ ಆ ಏರಿಯೂ ಒಂದು.

ಮಳೆ ಹಿಡಿಯಲು ಇನ್ನು ಎರಡು ವಾರ. ಓದುಗರೇ, ನಿಮ್ಮ ಕಾರಿನ ಮೈಲೇಜು, ಟಚ್ ಸ್ಕ್ರೀನು ನನಗೆ ಬೇಡ. ಈ ಭಾನುವಾರ ಸ್ಟಿಯರಿಂಗ್ ಬೇರೆಯವರಿಗೆ ಕೊಟ್ಟು, ಎಡಗಡೆ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ಕೂತು, ನಿಮಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲಿ ಹೋಗಿಬನ್ನಿ. ನಿಮ್ಮ ದಾರಿಗೂ ಇಪ್ಪತ್ನಾಲ್ಕು ಗುರುತು ಇಟ್ಟುಕೊಳ್ಳಿ; ಎಷ್ಟು ಬಂತು, ಬರೆಯಿರಿ.

ಹದಿನಾಲ್ಕು ದಾಟಿದವರು ಕಾರಿನ ಹೆಸರನ್ನೂ ಬರೆಯಿರಿ.